43 ಬಲ್ಬು, ಒಂದು ಕ್ಷಣ

1956ರ ಆಗಸ್ಟ್ 2ರ ರಾತ್ರಿ. ಅಮೆರಿಕದ ವೆಸ್ಟ್ ವರ್ಜೀನಿಯಾದ ಯೇಗರ್ ಊರಿನಲ್ಲಿ, ಕಾರಿನಲ್ಲೇ ಕೂತು ಸಿನಿಮಾ ನೋಡುವ ಡ್ರೈವ್-ಇನ್ ಥಿಯೇಟರ್. ಸಾಲಾಗಿ ನಿಂತ ಕಾರುಗಳು, ಎದುರಿಗೆ ತೆರೆ, ಪಕ್ಕದ ಹಳಿಯ ಮೇಲೆ ಉಗಿ ಚೆಲ್ಲುತ್ತ ಧಾವಿಸುವ ಗೂಡ್ಸ್ ರೈಲು. ಇಷ್ಟನ್ನೂ ಒಂದೇ ಚೌಕಟ್ಟಿಗೆ ತರಲು ಛಾಯಾಗ್ರಾಹಕ ಓ. ವಿನ್‌ಸ್ಟನ್ ಲಿಂಕ್ 43 ಫ್ಲ್ಯಾಶ್ ಬಲ್ಬುಗಳನ್ನು ಹೂಡಿದ್ದರು. ಬಲ್ಬು ಒಮ್ಮೆ ಹೊತ್ತಿದರೆ ಮುಗಿಯಿತು. ರೈಲು ಒಮ್ಮೆ ಹಾದರೆ ಹೋಯಿತು.

ಲಿಂಕ್ ಬ್ರೂಕ್ಲಿನ್‌ನವರು, ಜಾಹೀರಾತು ಛಾಯಾಗ್ರಹಣದಲ್ಲಿ ಪಳಗಿದವರು. ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯ ಉಗಿಬಂಡಿಗಳು ಮರೆಯಾಗುವ ಮುನ್ನ ಅವನ್ನು ಸೆರೆಹಿಡಿಯಲು 1955ರಲ್ಲಿ ಹೊರಟರು. ಸೂರ್ಯನನ್ನೂ ಹಳಿಯನ್ನೂ ತಮಗೆ ಬೇಕಾದ ಕಡೆ ಸರಿಸಲಾಗದು. ರಾತ್ರಿಯಾದರೆ ಬೆಳಕು ಪೂರ್ತಿ ಅವರ ಕೈಯಲ್ಲಿ. ಬ್ಯಾಟರಿ, ಕೆಪಾಸಿಟರ್ ಸೇರಿಸಿ ವಿದ್ಯುತ್ ಪೆಟ್ಟಿಗೆಯನ್ನು ತಾವೇ ಕಟ್ಟಿಕೊಂಡರು. ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದ್ದರಿಂದ ಎಲ್ಲದರಲ್ಲೂ ಒಂದೇ ಕರೆಂಟು ಹರಿಯುತ್ತಿತ್ತು. ಆದರೆ ಒಂದು ಕಡೆ ತಂತಿ ಕಡಿದರೂ ಒಂದು ಬಲ್ಬೂ ಹೊತ್ತದು. ಯೇಗರ್‌ನಲ್ಲಿ ಎಲ್ಲವೂ ಹೊತ್ತಿದವು. ಆ ಬೆಳಕಿನ ಅಬ್ಬರಕ್ಕೆ ತೆರೆಯ ಮೇಲಿನ ಚಿತ್ರ ಮಾತ್ರ ಬಿಳಿಚಿಹೋದ್ದರಿಂದ, ಅದನ್ನು ಬೇರೆಯಾಗಿ ತೆಗೆದು ಆಮೇಲೆ ಕೂಡಿಸಿದರು.

ಮೊದಮೊದಲು ಫ್ಲ್ಯಾಶನ್ನೂ ಷಟರನ್ನೂ ಒಂದೇ ಕ್ಷಣಕ್ಕೆ ಹೊಂದಿಸುವ ಗೋಜೇ ಇರಲಿಲ್ಲ. 1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಮೆಗ್ನೀಸಿಯಂ ಬೆರೆಸಿದ ಫ್ಲ್ಯಾಶ್ ಪುಡಿ ತಂದಾಗ, ಲೆನ್ಸಿನ ಮುಚ್ಚಳ ತೆಗೆದು, ಪುಡಿ ಹೊತ್ತಿಸಿ, ಮತ್ತೆ ಮುಚ್ಚಿದರೆ ಆಯಿತು. ಕತ್ತಲೆಯ ಕೋಣೆಯಲ್ಲಿ ಲೆನ್ಸು ಎಷ್ಟು ಹೊತ್ತು ತೆರೆದಿದ್ದರೂ ಬಾಧಕವಿಲ್ಲ. ಹೊಗೆಯದೇ ತಾಪತ್ರಯ.

1929ರ ಸುಮಾರಿಗೆ ಯೋಹಾನೆಸ್ ಓಸ್ಟರ್‌ಮೈಯರ್ ಅವರ ಫ್ಲ್ಯಾಶ್ ಬಲ್ಬು ಬಂದು ಲೆಕ್ಕ ಬದಲಿಸಿತು. ಗಾಜಿನೊಳಗೆ ಆಮ್ಲಜನಕ ಮತ್ತು ತೆಳು ಅಲ್ಯುಮಿನಿಯಂ ಹಾಳೆ. ಕಿಡಿ ಹಚ್ಚಲು ವಿದ್ಯುತ್. ವಿದ್ಯುತ್ ಎಂದಮೇಲೆ ಷಟರ್ ತಾನೇ ಸ್ವಿಚ್ ಆಗಬಹುದು. ತೊಡಕು ಇನ್ನೊಂದಿತ್ತು: ಸಾಮಾನ್ಯ ಬಲ್ಬು ಪೂರ್ಣ ಬೆಳಗಲು ಸುಮಾರು 20 ಮಿಲಿಸೆಕೆಂಡ್ ಬೇಕು. 1/200 ಸೆಕೆಂಡಿನ ಷಟರ್ ಅಷ್ಟರೊಳಗೆ ತೆರೆದು ಮುಚ್ಚಿಯೇ ಬಿಟ್ಟಿರುತ್ತದೆ. ಹೀಗಾಗಿ ಮೊದಲು ಬಲ್ಬಿಗೆ ಕಿಡಿ, ಕೊಂಚ ತಡೆದು ಷಟರ್ ಎಂಬ ಹೊಂದಾಣಿಕೆ, 'ಎಂ' ಸಿಂಕ್, ಹುಟ್ಟಿತು.

ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಲ್ಲಿ ಬೆಳೆಸಿದ ಎಲೆಕ್ಟ್ರಾನಿಕ್ ಫ್ಲ್ಯಾಶ್‌ಗೆ ಕಾಯುವ ಅಗತ್ಯವೇ ಇರಲಿಲ್ಲ. ಅಲ್ಬೇನಿಯಾದಲ್ಲಿ ಹುಟ್ಟಿದ ಗ್ಯೋನ್ ಮಿಲಿ ಅದನ್ನು ನ್ಯೂಯಾರ್ಕಿನ ಸ್ಟುಡಿಯೋಗೆ ತಂದು, 'ಲೈಫ್' ಪತ್ರಿಕೆಗಾಗಿ ನರ್ತಕರ ಚಲನೆಯನ್ನು ಹಿಡಿದರು. ಷಟರ್ ಪೂರ್ತಿ ತೆರೆದ ಕೂಡಲೇ ಹೊತ್ತಿಸುವ 'ಎಕ್ಸ್' ಸಿಂಕ್ ಈ ದೀಪಗಳದು.

ದೀಪ ಚುರುಕಾದಂತೆ ಹೊಣೆ ಷಟರಿನ ಮೇಲೆ ಬಿತ್ತು. ಫಿಲ್ಮಿನ ಮುಂದೆ ಎರಡು ಪರದೆ ಓಡುವ ಕ್ಯಾಮೆರಾಗಳಲ್ಲಿ ವೇಗ ಹೆಚ್ಚಿಸಿದರೆ ನಡುವೆ ಬರೀ ಸೀಳು ಉಳಿಯುತ್ತದೆ. ಆಗ ಫ್ಲ್ಯಾಶ್ ಮಿಂಚಿದರೆ ಚಿತ್ರದ ಒಂದು ಪಟ್ಟಿಯಷ್ಟೇ ಬೆಳಗುತ್ತದೆ. 1959ರ ನಿಕಾನ್ ಎಫ್‌ನ ಫ್ಲ್ಯಾಶ್ ಜೊತೆ ಬಳಸಬಹುದಾದ ಷಟರ್ ವೇಗದ ಮಿತಿ 1/60 ಸೆಕೆಂಡ್. 1982ರ ಎಫ್‌ಎಂ2 ಅದನ್ನು 1/200ಕ್ಕೆ ಏರಿಸಿತು.

ಹಲವು ದೀಪಗಳನ್ನು ಒಟ್ಟಿಗೆ ಹೊತ್ತಿಸುವ ಸಮಸ್ಯೆಯನ್ನು ಸ್ಟುಡಿಯೋಗಳು ಎರಡು ಬಗೆಯಲ್ಲಿ ಬಿಡಿಸಿದವು. ಒಂದೇ ಪವರ್ ಪ್ಯಾಕಿಗೆ ಹಲವು ಫ್ಲ್ಯಾಶ್ ಹೆಡ್‌ ಜೋಡಿಸಿದರೆ ಒಂದು ಸಿಂಕ್ ತಂತಿ ಸಾಕು. ಇನ್ನೊಂದು ಸ್ಲೇವ್: ಮೊದಲ ದೀಪದ ಮಿಂಚನ್ನು ಬೆಳಕು ಗ್ರಹಿಸುವ ಫೋಟೋಸೆಲ್ ಕಂಡೊಡನೆ ತನ್ನ ದೀಪಕ್ಕೆ ಚಾಲನೆ ಕೊಡುತ್ತದೆ. ಹಳೆಯ ಬಲ್ಬುಗಳಲ್ಲಿ ಹೀಗೆ ಒಂದರಿಂದ ಇನ್ನೊಂದನ್ನು ಹೊತ್ತಿಸಿದರೆ ಎರಡನೆಯದು ಮತ್ತೆ ತಡವಾಗುತ್ತಿತ್ತು. ಎಲೆಕ್ಟ್ರಾನಿಕ್ ದೀಪಗಳಲ್ಲಿ ಆ ವಿಳಂಬ ಷಟರಿನ ಗಮನಕ್ಕೇ ಬಾರದಷ್ಟು ಕಡಿಮೆ.

ಡಿಜಿಟಲ್ ಕಾಲ ಈ ಸ್ಲೇವ್‌ಗಳನ್ನೇ ದಾರಿ ತಪ್ಪಿಸಿತು. ಬೆಳಕು ಅಳೆಯಲೆಂದು ಕ್ಯಾಮೆರಾದ ಫ್ಲ್ಯಾಶ್ ಮೊದಲೇ ಒಂದು ಸಣ್ಣ ಮಿಂಚು ಬಿಡುತ್ತದೆ. ಹಳೆಯ ಸ್ಲೇವ್ ಅದನ್ನೇ ನಂಬಿ, ಷಟರ್ ತೆರೆಯುವ ಮುನ್ನವೇ ದೀಪ ಹೊತ್ತಿಸಿಬಿಡುತ್ತದೆ. ಆಮೇಲೆ ಈ ಮುನ್ಮಿಂಚನ್ನು ಕಡೆಗಣಿಸುವ ಸ್ಲೇವ್‌ಗಳು ಬಂದವು. ರೇಡಿಯೋ ಟ್ರಿಗರ್ ಆ ಗೊಂದಲವನ್ನೇ ಬದಿಗಿಟ್ಟಿತು: ಫೋಟೋಸೆಲ್‌ಗೆ ಮಿಂಚು ಕಾಣದ ಬಿಸಿಲಿನಲ್ಲೂ, ಗೋಡೆಯ ಆಚೆಗೂ ಅದರ ಸಂಕೇತ ತಲುಪುತ್ತದೆ.