ಗಂಟೆ, ಕ್ರೆಡಿಟ್ ಮತ್ತು ಕಾರ್ಯಭಾರ: ಹನುಮಸಾಗರ ಪರಿಸರದ ಪದವಿ ಶಿಕ್ಷಣದ ಒಂದು ಮುಖ

ಕುಷ್ಟಗಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹನುಮಸಾಗರವು 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಗೆ ಒಳಪಟ್ಟಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವೇ ಸಂಸ್ಥಾನದ ಉನ್ನತ ಶಿಕ್ಷಣದ ನೆಲೆ, ಬೋಧನೆ ಉರ್ದುವಿನಲ್ಲಿ. ಕನ್ನಡದ ಹಳ್ಳಿಯ ಹುಡುಗನಿಗೆ ಪದವಿಯು ದೂರದ ಮಾತಾಗಿತ್ತು. ಏಕೀಕರಣಾನಂತರ ಈ ಭಾಗದ ಕಾಲೇಜುಗಳು 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯದ, 2010ರಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದವು. 2023ರಲ್ಲಿ ಕೊಪ್ಪಳ ವಿಶ್ವವಿದ್ಯಾಲಯ ಕಾರ್ಯಾರಂಭ ಮಾಡಿತು. ವಿಶ್ವವಿದ್ಯಾಲಯ ಬದಲಾದಾಗ ಪಠ್ಯಕ್ರಮದ ವಿಚಾರ ಚರ್ಚೆಗೆ ಬರುವುದುಂಟು. ವೇಳಾಪಟ್ಟಿಯ ಲೆಕ್ಕ ಮಾತ್ರ ಪ್ರಾಚಾರ್ಯರ ಕೋಣೆಯಲ್ಲೇ ಉಳಿಯುತ್ತದೆ.

ಗಂಟೆಯಿಂದ ವಿದ್ಯೆಯನ್ನು ಅಳೆಯುವ ಪದ್ಧತಿ ಹುಟ್ಟಿದ್ದು ಅಮೆರಿಕದಲ್ಲಿ. 1905ರಲ್ಲಿ ಆಂಡ್ರ್ಯೂ ಕಾರ್ನೆಗಿ ಕಾಲೇಜು ಅಧ್ಯಾಪಕರ ನಿವೃತ್ತಿ ವೇತನಕ್ಕಾಗಿ ಒಂದು ಕೋಟಿ ಡಾಲರ್ ನೀಡಿದನು. ಯಾವ ಸಂಸ್ಥೆ ಕಾಲೇಜೆನಿಸಿಕೊಳ್ಳಬೇಕು ಎಂಬುದನ್ನು ನಿರ್ಣಯಿಸಲು, ಪ್ರವೇಶ ಬಯಸುವವರು ಪ್ರೌಢಶಾಲೆಯಲ್ಲಿ ಒಂದು ವಿಷಯವನ್ನು ಸುಮಾರು 120 ಗಂಟೆ ಓದಿದ್ದರೆ ಒಂದು 'ಯೂನಿಟ್' ಎಂದು ಗಣಿಸಲಾಯಿತು. ಅಧ್ಯಾಪಕರ ಪಿಂಚಣಿಗೆ ಹುಟ್ಟಿದ ಅಳತೆಗೋಲು ವಿದ್ಯಾರ್ಥಿಯ ಕಲಿಕೆಗೆ ಅಂಟಿಕೊಂಡದ್ದು ವಿಚಿತ್ರವೇ ಸರಿ.

ಭಾರತದಲ್ಲಿ 2015ರ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯ ಮಾರ್ಗಸೂಚಿಯಂತೆ ವಾರಕ್ಕೆ ಒಂದು ಗಂಟೆಯ ಉಪನ್ಯಾಸ ಅಥವಾ ಎರಡು ಗಂಟೆಯ ಪ್ರಾಯೋಗಿಕ ತರಗತಿಗೆ ಒಂದು ಕ್ರೆಡಿಟ್. ಅಧ್ಯಾಪಕರ ಕಾರ್ಯಭಾರವನ್ನು ನಿರ್ಧರಿಸಿದ್ದು ಬೇರೆ ನಿಯಮ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2010ರ ಮತ್ತು 2018ರ ನಿಯಮಾವಳಿಗಳು ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16, ಮೇಲಿನವರಿಗೆ 14 ಗಂಟೆಗಳ ನೇರ ಬೋಧನೆಯನ್ನು ನಿಗದಿಪಡಿಸಿವೆ. ಕ್ರೆಡಿಟ್ ವಿದ್ಯಾರ್ಥಿಯದು, ಗಂಟೆ ಅಧ್ಯಾಪಕರದು, ಎರಡೂ ಸಮನಾಗಿರಬೇಕಿಲ್ಲ. 2021-22ರಿಂದ ಕರ್ನಾಟಕದಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಚೌಕಟ್ಟಿನಲ್ಲಿ ಭಾಷಾ ಪತ್ರಿಕೆಗೆ ಮೂರು ಕ್ರೆಡಿಟ್, ಬೋಧನೆಗೆ ನಾಲ್ಕು ಗಂಟೆ. ಕನ್ನಡ ಅಧ್ಯಾಪಕರ ಕಾರ್ಯಭಾರವನ್ನು ಉಳಿಸಿದ್ದು ಆ ಒಂದು ಹೆಚ್ಚಿನ ಗಂಟೆಯೇ ಎನ್ನಬಹುದು. 2024ರಲ್ಲಿ ರಾಜ್ಯವು ಮತ್ತೆ ಮೂರು ವರ್ಷದ ಪದವಿಗೆ ಮರಳಿದಾಗ ಲೆಕ್ಕವನ್ನು ಹೊಸದಾಗಿ ಹಾಕಬೇಕಾಯಿತು.

ಈ ಗಣಿತದ ಬಿಸಿ ಹೆಚ್ಚು ತಟ್ಟುವುದು ಅತಿಥಿ ಉಪನ್ಯಾಸಕರಿಗೆ. 2021ರ ಡಿಸೆಂಬರಿನ ಮುಷ್ಕರದ ತರುವಾಯ, 2022ರ ಜನವರಿಯಲ್ಲಿ ಸರ್ಕಾರವು ಮಾಸಿಕ 13,000 ರೂಪಾಯಿಯವರೆಗೆ ಇದ್ದ ಗೌರವಧನವನ್ನು ಅರ್ಹತೆ ಮತ್ತು ಅನುಭವಕ್ಕೆ ಅನುಗುಣವಾಗಿ 32,000ದವರೆಗೆ ಏರಿಸಿತು. ಜೊತೆಗೇ 8ರಿಂದ 10 ಗಂಟೆಯಿದ್ದ ವಾರದ ಕಾರ್ಯಭಾರವನ್ನು 15 ಗಂಟೆಗೆ ಹೆಚ್ಚಿಸಿತು. ಇದರ ಪರಿಣಾಮವನ್ನು ಹನುಮಸಾಗರದಂತಹ ಊರಿನ ಕಾಲೇಜಿಗೆ ಅನ್ವಯಿಸಿ ನೋಡಬೇಕು. ಖಾಯಂ ಅಧ್ಯಾಪಕರಿಲ್ಲದ ಒಂದು ಐಚ್ಛಿಕ ವಿಷಯಕ್ಕೆ ಪ್ರತಿ ವರ್ಷದ ತರಗತಿಗೂ ವಾರಕ್ಕೆ ಆರು ಗಂಟೆಯಿದೆ, ಪ್ರತಿ ವರ್ಷಕ್ಕೂ ಒಂದೇ ವಿಭಾಗವಿದೆ ಎಂದಿಟ್ಟುಕೊಂಡರೆ ಒಟ್ಟು 18 ಗಂಟೆ. ಹಳೆಯ ಅಳತೆಯಲ್ಲಿ ತಲಾ ಒಂಬತ್ತು ಗಂಟೆಗಳಿಗೆ ಇಬ್ಬರು ಇರುತ್ತಿದ್ದರು. ಹೊಸ ಅಳತೆಯಲ್ಲಿ ಒಬ್ಬರಿಗೆ 15 ಗಂಟೆ. ಇನ್ನೊಬ್ಬರ ಪಾಲಿಗೆ ಮೂರು. ನಗರದಲ್ಲಾದರೆ ಅಂತಹ ತುಂಡು ಗಂಟೆಗಳನ್ನು ಬೇರೊಂದು ವಿಭಾಗದೊಡನೆ ಕೂಡಿಸಬಹುದು. ಇಲ್ಲಿ ಮತ್ತೊಂದು ಕಾಲೇಜು ಕುಷ್ಟಗಿಯಲ್ಲೋ ಇಳಕಲ್ಲಿನಲ್ಲೋ ದೊರೆಯಬೇಕು. ಇಳಕಲ್ ಇರುವುದು ಬೇರೆ ಜಿಲ್ಲೆಯಲ್ಲಿ, ಬೇರೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ. ವಿದ್ಯಾರ್ಥಿಯ ಅಂಕಪಟ್ಟಿಯಲ್ಲಿ ಕ್ರೆಡಿಟ್ ಪೂರ್ಣವಾಗಿಯೇ ಇರುತ್ತದೆ. ಉಳಿದ ಆ ಮೂರು ಗಂಟೆಗಳನ್ನು, ಇದ್ದ ಒಬ್ಬರೇ ತಮ್ಮ 15ರ ಮೇಲೆ ಹೊತ್ತುಕೊಳ್ಳಬೇಕು, ಇಲ್ಲವೇ ತರಗತಿ ಖಾಲಿಯಿರಬೇಕು.