ಗೊಲ್ಲರಹಟ್ಟಿಗಳಲ್ಲಿ ಮುಟ್ಟು–ಬಾಣಂತನದ ಹೊರವಾಸ

ಮುಟ್ಟಾದ ಹೆಂಗಸರನ್ನೂ ಹೆರಿಗೆಯಾದ ತಾಯಿ–ಮಗುವನ್ನೂ ಮನೆಯಿಂದ, ಎಷ್ಟೋ ಕಡೆ ಹಟ್ಟಿಯ ಎಲ್ಲೆಯಿಂದಲೇ, ಹೊರಗಿರಿಸುವ ಕಾಡುಗೊಲ್ಲರ ಪದ್ಧತಿ. ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು, ಇವಕ್ಕೆ ಹೊಂದಿಕೊಂಡ ಚಿತ್ರದುರ್ಗ ಜಿಲ್ಲೆಯ ಸೀಮೆ ಇದರ ಮುಖ್ಯ ನೆಲೆ. ರಾಜ್ಯ 2017ರಲ್ಲಿ ಈ ಪದ್ಧತಿಯನ್ನು ಅಪರಾಧವೆಂದು ಸಾರಿತು. ಅಲ್ಲಿಂದೀಚೆಗೆ ಇದು ದೇವರು–ಮೈಲಿಗೆಯ ವಿಷಯವಾಗಿ ಮಾತ್ರ ಉಳಿಯದೆ, ಕಾನೂನು ಮತ್ತು ಮಹಿಳಾ ಹಕ್ಕಿನ ಸಾರ್ವಜನಿಕ ಚರ್ಚೆಗೆ ವಸ್ತುವಾಗಿದೆ.

ಕಾಡುಗೊಲ್ಲರು ದನ–ಕುರಿ ಕಾಯ್ದು ಬದುಕಿದ ಪಶುಪಾಲಕ ಸಮುದಾಯ. ಊರಿಗೆ ತುಸು ದೂರದಲ್ಲಿ, ಮುಳ್ಳಿನ ಬೇಲಿಯ ನಡುವೆ ಹಟ್ಟಿ ಕಟ್ಟಿಕೊಂಡು ಬಾಳಿದವರು. ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ, ಚಿತ್ರಲಿಂಗ ಇವರ ದೈವಗಳು. ಜುಂಜಪ್ಪನ ನೆಲೆಯಾದ ಕಳುವರಹಳ್ಳಿ ಇರುವುದು ಶಿರಾ ತಾಲ್ಲೂಕಿನಲ್ಲಿ. ಬಿದಿರಿನ ಉದ್ದ ಕೊಳಲಾದ ಗಣೆಯನ್ನು ನುಡಿಸುತ್ತ ಈ ದೈವಗಳ ಕಥನಗಳನ್ನು ಹಾಡುವ ಪರಂಪರೆ ಕನ್ನಡ ಮೌಖಿಕ ಸಾಹಿತ್ಯದ ದೊಡ್ಡ ಆಸ್ತಿ. ಸಾವಿರಾರು ಪದಗಳನ್ನು ಬಾಯಲ್ಲೇ ಹೊತ್ತಿದ್ದ ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಈ ಸಮುದಾಯದ ಹೆಣ್ಣುಮಗಳು. ತೀ.ನಂ. ಶಂಕರನಾರಾಯಣರು ಇವರ ಸಂಪ್ರದಾಯ, ನಂಬಿಕೆಗಳನ್ನು ಕುರಿತು ವಿಸ್ತಾರವಾದ ಅಧ್ಯಯನ ನಡೆಸಿದ್ದಾರೆ. ಹೊರವಾಸದ ಬಗ್ಗೆ ಬರೆಯುವವರು ಈ ಹಿನ್ನೆಲೆಯನ್ನು ಬಿಟ್ಟು, ಹಟ್ಟಿಯೆಂದರೆ ಮೌಢ್ಯದ ಗೂಡು ಎಂಬಂತೆ ಚಿತ್ರಿಸುವುದು ರೂಢಿಯಾಗಿದೆ. ಅದರಿಂದ ಹಟ್ಟಿಯ ಹೆಂಗಸರಿಗೆ ಆದ ಉಪಕಾರವೇನೂ ಇಲ್ಲ.

ಆಚರಣೆಯ ಸ್ವರೂಪ

ಹಟ್ಟಿಯೊಳಗೆ ದೇವರ ಗುಡಿ ಇರುತ್ತದೆ. ಮುಟ್ಟು, ಹೆರಿಗೆಗಳ ಸೂತಕ ಅದಕ್ಕೆ ತಾಗಬಾರದು, ತಾಗಿದರೆ ಹಟ್ಟಿಗೂ ದನಕರುಗಳಿಗೂ ಕೇಡು ಎಂಬ ನಂಬಿಕೆ ಈ ಪದ್ಧತಿಯ ತಿರುಳು. ‘ಹೊರಗಾದ’ ಹೆಂಗಸು ಸಾಮಾನ್ಯವಾಗಿ ಮೂರು ದಿನ ಬೇರೆ ಇರುತ್ತಾಳೆ, ಮಿಂದು ಒಳಗೆ ಬರುತ್ತಾಳೆ. ಊಟ–ನೀರನ್ನು ಮನೆಯವರು ದೂರದಿಂದ ಕೊಡುತ್ತಾರೆ. ಬಾಣಂತಿಯ ಪಾಡು ಇದಕ್ಕಿಂತ ಕಠಿಣ. ಅವಳು ಹಸುಗೂಸಿನೊಂದಿಗೆ ವಾರಗಟ್ಟಲೆ, ಕೆಲವು ಕಡೆ ಎರಡು ಮೂರು ತಿಂಗಳು, ಹೊಲದಂಚಿನಲ್ಲಿ ಹಾಕಿದ ಗುಡಿಸಿಲಿನಲ್ಲಿ ಕಳೆಯಬೇಕು. ಸೋಗೆ, ತಗಡು, ಪ್ಲಾಸ್ಟಿಕ್ ಹಾಳೆ ಯಾವುದು ಸಿಕ್ಕಿತೋ ಅದೇ ಸೂರು. ಬಾಗಿಲು ಭದ್ರವಿರುವುದಿಲ್ಲ, ಶೌಚಾಲಯವಿರುವುದಿಲ್ಲ. ಹಾವು ಚೇಳಿನ ಭಯ ಒಂದು ಕಡೆ, ಮಳೆ–ಚಳಿ ಮತ್ತೊಂದು ಕಡೆ.

ಇಂದು ಹೆರಿಗೆಗಳು ಬಹುಮಟ್ಟಿಗೆ ಆಸ್ಪತ್ರೆಗಳಲ್ಲೇ ಆಗುತ್ತವೆ. ಸರ್ಕಾರಿ ವಾರ್ಡಿನಲ್ಲಿ ಹಾಸಿಗೆ, ಲಸಿಕೆ, ನರ್ಸ್ ಎಲ್ಲವನ್ನೂ ಪಡೆದ ತಾಯಿ ಊರಿಗೆ ಬಂದೊಡನೆ ಗುಡಿಸಿಲು ಸೇರುತ್ತಾಳೆ. ಹುಡುಗಿಯರ ವಿಷಯದಲ್ಲೂ ಹಾಗೆಯೇ. ಶಾಲೆಯ ಬೆಂಚಿನಲ್ಲಿ ಎಲ್ಲರೊಂದಿಗೆ ಕೂತು ಪಾಠ ಕೇಳಿದವಳು ಸಂಜೆ ಸ್ವಂತ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಹೆಂಗಸಿಗೆ ವಿಶ್ರಾಂತಿ ಕೊಡಲೆಂದೇ ಹಿರಿಯರು ಈ ನಿಯಮ ಮಾಡಿದರು ಎಂಬ ವಾದವನ್ನು ಆಗಾಗ ಕೇಳುತ್ತೇವೆ. ಹೊರಗಿರುವ ಹೆಂಗಸಿಗೆ ಆ ದಿನಗಳಲ್ಲೂ ಹೊಲದ ಕೆಲಸ, ಕೂಲಿ ತಪ್ಪುವುದಿಲ್ಲವಾದ್ದರಿಂದ ಈ ವಾದ ನಿಲ್ಲುವುದಿಲ್ಲ. ಅವಳಿಗೆ ತಪ್ಪುವುದು ಮನೆ ಮಾತ್ರ.

2023ರ ಸಾವು

2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಗುಡಿಸಿಲಿನಲ್ಲಿ ತಾಯಿಯೊಂದಿಗೆ ಇರಿಸಿದ್ದ ಹಸುಗೂಸು ಮಳೆ–ಶೀತಕ್ಕೆ ಸಿಕ್ಕಿ ತೀರಿಕೊಂಡಿತು. ಸುದ್ದಿ ನಾಡಿನಾದ್ಯಂತ ಹರಡಿತು. ಪೊಲೀಸರು ಪ್ರಕರಣ ದಾಖಲಿಸಿದರು. ಕಂದಾಯ, ಆರೋಗ್ಯ, ಮಹಿಳಾ ಮತ್ತು ಮಕ್ಕಳ ಇಲಾಖೆಗಳ ಅಧಿಕಾರಿಗಳು ಹಟ್ಟಿಗೆ ಬಂದರು. ಅದಾದ ಮೇಲೆ ಜಿಲ್ಲೆಯ ನ್ಯಾಯಾಧೀಶರೇ ಹಟ್ಟಿಗಳಿಗೆ ಹೋಗಿ, ಹೊರಗಿದ್ದ ಬಾಣಂತಿಯನ್ನು ಮನೆಯೊಳಗೆ ಕಳಿಸಿ, ಹಿರಿಯರಿಗೆ ಕಾನೂನು ತಿಳಿಸಿದ್ದೂ ವರದಿಯಾಯಿತು. ನ್ಯಾಯಾಲಯ ಜನರ ಬಾಗಿಲಿಗೆ ಬಂದ ಈ ಬಗೆಯ ಭೇಟಿಗಳ ಬೆಲೆ ಸಣ್ಣದಲ್ಲ. ಆದರೆ ಅಧಿಕಾರಿಗಳ ಜೀಪು ಹಿಂದಿರುಗಿದ ಮೇಲೆ ಆ ಹೆಂಗಸು ಯಾವ ಸೂರಿನಡಿ ಮಲಗಿದಳು ಎಂದು ವಿಚಾರಿಸುವ ವ್ಯವಸ್ಥೆ ಇನ್ನೂ ಬೇರೂರಿಲ್ಲ.

2017ರ ಕಾಯ್ದೆ

ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ಪ್ರತಿಬಂಧ ಹಾಗೂ ನಿರ್ಮೂಲನೆ ಕಾಯ್ದೆ ಇಲ್ಲಿ ಅನ್ವಯವಾಗುವ ಮುಖ್ಯ ಶಾಸನ. ಇದರ ಹುಟ್ಟು ಸುಲಭದ್ದಾಗಿರಲಿಲ್ಲ. 2013ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಮೊದಲ ಕರಡು ಸಿದ್ಧವಾದಾಗ ಧಾರ್ಮಿಕ ಆಚರಣೆಗಳಿಗೇ ಕುತ್ತು ಬರುತ್ತದೆಂಬ ವಿರೋಧ ಎದ್ದಿತು. ಅದೇ ವರ್ಷ ಆಗಸ್ಟ್ 20ರಂದು ಪುಣೆಯಲ್ಲಿ ಮೂಢನಂಬಿಕೆ ವಿರೋಧಿ ಹೋರಾಟಗಾರ ನರೇಂದ್ರ ದಾಭೋಲ್ಕರ್, 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯಾದರು. ಗೌರಿ ಹತ್ಯೆಯಾದ ತಿಂಗಳಲ್ಲೇ ಸಚಿವ ಸಂಪುಟ ಮಸೂದೆಗೆ ಒಪ್ಪಿಗೆ ಕೊಟ್ಟಿತು. ನವೆಂಬರಿನಲ್ಲಿ ಬೆಳಗಾವಿ ಅಧಿವೇಶನ ಅದನ್ನು ಅಂಗೀಕರಿಸಿತು. ಕಾಯ್ದೆ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ.

ಕಾಯ್ದೆಯ ಅನುಸೂಚಿಯಲ್ಲಿ ಮಡೆಸ್ನಾನ, ಬೆತ್ತಲೆ ಸೇವೆಗಳಂಥ ಪದ್ಧತಿಗಳ ಜೊತೆಗೆ ಮುಟ್ಟಾದ ಅಥವಾ ಗರ್ಭಿಣಿ ಸ್ತ್ರೀಯರನ್ನು ಬಲವಂತವಾಗಿ ಪ್ರತ್ಯೇಕವಾಗಿಡುವುದು, ಊರೊಳಗೆ ಮರಳಿ ಬರದಂತೆ ತಡೆಯುವುದು, ಹೀಗೆ ಬೇರ್ಪಡಿಸಲು ಅನುವು ಮಾಡಿಕೊಡುವುದು ಸೇರಿವೆ. ಶಿಕ್ಷೆ ಒಂದರಿಂದ ಏಳು ವರ್ಷದ ಸೆರೆವಾಸ, 5,000ದಿಂದ 50,000 ರೂಪಾಯಿವರೆಗಿನ ದಂಡ.

ಅನುಸೂಚಿಯ ‘ಬಲವಂತ’ ಎಂಬ ಮಾತೇ ಹಟ್ಟಿಯಲ್ಲಿ ದೊಡ್ಡ ತೊಡಕು. ಪೊಲೀಸರು ಕೇಳಿದಾಗ ಹೆಂಗಸು ‘ನಾನೇ ಬಂದೆ, ಯಾರೂ ದಬ್ಬಲಿಲ್ಲ’ ಎನ್ನುತ್ತಾಳೆ. ಅದು ಸುಳ್ಳಲ್ಲ. ಯಾರೂ ಕೈಹಿಡಿದು ದಬ್ಬುವುದಿಲ್ಲ. ಆದರೆ ಅವಳು ಒಳಗೆ ಉಳಿದ ವಾರವೇ ಹಸು ಸತ್ತರೆ, ಅತ್ತೆಗೆ ಜ್ವರ ಬಂದರೆ, ಹೊಣೆ ಯಾರ ತಲೆಗೆ ಬರುತ್ತದೆಂದು ಅವಳಿಗೆ ಗೊತ್ತು. ಅವಳೆದುರು ಇರುವುದು ಈ ಭಯ. ಭಯದಿಂದ ಇಟ್ಟ ಹೆಜ್ಜೆಯನ್ನು ಸ್ವಇಚ್ಛೆ ಎಂದು ಬರೆದುಕೊಂಡು ಕಡತ ಮುಚ್ಚಿದರೆ ಕಾಯ್ದೆ ಇದ್ದೂ ಇಲ್ಲದಂತೆ. ದೂರು ಕೊಡಬೇಕಾದವಳು ಗಂಡ, ಮಾವ, ಹಟ್ಟಿಯ ಪೂಜಾರಿಯ ವಿರುದ್ಧವೇ ಕೊಡಬೇಕು, ಕೊಟ್ಟ ಮೇಲೆ ಅವರೊಂದಿಗೇ ಬಾಳಬೇಕು. ಪ್ರಕರಣಗಳು ಬಹುತೇಕ ಸಾವು ಸಂಭವಿಸಿದ ಮೇಲೆ ಅಥವಾ ಪತ್ರಿಕೆಯಲ್ಲಿ ಸುದ್ದಿಯಾದ ಮೇಲೆ ಹೊರಬೀಳುವುದು ಇದೇ ಕಾರಣಕ್ಕೆ.

ಚರ್ಚೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವವರು ಮಕ್ಕಳು. ತಾಯಿ ಒಪ್ಪಿ ಹೋದಳೆಂಬ ವಾದ ಹಸುಗೂಸಿಗೆ ಅನ್ವಯಿಸುವುದಿಲ್ಲ. ಮಗುವಿನ ಆರೈಕೆಯ ಹೊಣೆ ಹೊತ್ತವರು ಅದನ್ನು ಅಪಾಯಕ್ಕೆ ಒಡ್ಡುವುದು, ಅಲಕ್ಷಿಸುವುದು 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಡಿ ಅಪರಾಧ. ಹೊರವಾಸವನ್ನು ಶಿಶುವಿನ ಹಕ್ಕಿನ ಕಡೆಯಿಂದ ನೋಡಿದಾಗ ಕಾನೂನಿನ ದಾರಿ ಹೆಚ್ಚು ನೇರವಾಗುತ್ತದೆ.

ಕೃಷ್ಣ ಕುಟೀರಗಳ ಪ್ರಶ್ನೆ

ಕಾಯ್ದೆ ಜಾರಿಯಾಗುವ ಮೊದಲೇ ಸರ್ಕಾರ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಹಲವು ಹಟ್ಟಿಗಳ ಬಳಿ ‘ಕೃಷ್ಣ ಕುಟೀರ’, ‘ಮಹಿಳಾ ಭವನ’ ಎಂಬ ಹೆಸರಿನ ಕಟ್ಟಡಗಳನ್ನು ಕಟ್ಟಿಸಲು ತೊಡಗಿತ್ತು. ಉದ್ದೇಶ ಸರಳವಾಗಿತ್ತು. ಪದ್ಧತಿ ಒಂದೇ ದಿನಕ್ಕೆ ಹೋಗುವುದಿಲ್ಲ, ಅಲ್ಲಿಯವರೆಗೆ ಹೆಂಗಸರು ಮರದಡಿಯಲ್ಲೋ ಜೋಪಡಿಯಲ್ಲೋ ನರಳುವ ಬದಲು ಗೋಡೆ, ಬಾಗಿಲು, ನೀರು, ದೀಪವಿರುವ ಕಡೆ ಇರಲಿ ಎಂಬುದು.

ಇದರ ಸುತ್ತ ಎದ್ದ ವಿವಾದ ಈ ಇಡೀ ವಿಷಯದ ಅತ್ಯಂತ ಗಂಭೀರ ಭಾಗ. ಸರ್ಕಾರವೇ ಹಣ ಕೊಟ್ಟು ಮುಟ್ಟಿನ ಮನೆ ಕಟ್ಟಿದರೆ ಮೈಲಿಗೆಗೆ ಸರ್ಕಾರಿ ಮುದ್ರೆ ಒತ್ತಿದಂತೆ ಎಂದು ಮಹಿಳಾ ಸಂಘಟನೆಗಳೂ ವಿಚಾರವಾದಿಗಳೂ ಆಕ್ಷೇಪಿಸಿದರು. ಗುಡಿಸಿಲು ಕಿತ್ತುಹೋಗುತ್ತದೆ, ಕಾಂಕ್ರೀಟು ಕಟ್ಟಡ ಐವತ್ತು ವರ್ಷ ನಿಲ್ಲುತ್ತದೆ. ಎದುರು ಪಕ್ಷದಲ್ಲಿ ಇದ್ದವರು ಹಟ್ಟಿಯ ಕಷ್ಟವನ್ನು ಕಣ್ಣಾರೆ ಕಂಡ ಕಾರ್ಯಕರ್ತೆಯರು. ಇವತ್ತಿನ ರಾತ್ರಿ ಮಳೆ ಬಂದರೆ ಆ ಬಾಣಂತಿಯ ಗತಿಯೇನು ಎಂಬ ಅವರ ಪ್ರಶ್ನೆಗೆ ಸಿದ್ಧಾಂತದಿಂದ ಉತ್ತರ ಸಿಗುವುದಿಲ್ಲ.

2020ರ ನಂತರ ಕುಟೀರಗಳನ್ನು ಆಕ್ಷೇಪಿಸಿದವರ ವಾದಕ್ಕೆ ಕಾನೂನಿನ ತೂಕವೂ ಸೇರಿದೆ. ಪ್ರತ್ಯೇಕತೆಗೆ ಅನುವು ಮಾಡಿಕೊಡುವುದೇ ಅಪರಾಧವಾದ ಮೇಲೆ, ಅದಕ್ಕೆಂದೇ ಕಟ್ಟಡ ಒದಗಿಸುವ ಇಲಾಖೆ ಕಾಯ್ದೆಯ ಎದುರು ಎಲ್ಲಿ ನಿಲ್ಲುತ್ತದೆ? ಕಾಯ್ದೆಯನ್ನು ಓದಿದ ಯಾರಿಗೂ ಈ ಪ್ರಶ್ನೆ ತಪ್ಪುವುದಿಲ್ಲ. ಅನೇಕ ಕುಟೀರಗಳು ನೀರು, ನಿರ್ವಹಣೆಯಿಲ್ಲದೆ ಬೀಗ ಹಾಕಿಕೊಂಡಿವೆ. ಅವುಗಳನ್ನು ಅಂಗನವಾಡಿ, ಗ್ರಂಥಾಲಯ, ಹೊಲಿಗೆ ತರಬೇತಿಯಂಥ ಊರಿನ ಎಲ್ಲರ ಬಳಕೆಗೆ ಬಿಟ್ಟುಕೊಡುವುದೇ ಲೇಸು. ಬಾಣಂತಿಗೆ ಬೇಕಾದ ಬೆಚ್ಚನೆಯ ಕೋಣೆ ಅವಳ ಮನೆಯಲ್ಲೇ ಇರಬೇಕು. ಹಟ್ಟಿಯ ಮನೆಗಳು ಬಹುಪಾಲು ಒಂದಂಕಣದವು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಗೊಲ್ಲರಹಟ್ಟಿ, ತಾಂಡಾ, ಹಾಡಿಗಳಂಥ ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮವಾಗಿಸಿ ಹಕ್ಕುಪತ್ರ ಕೊಡುವ ಕೆಲಸ ಕಳೆದ ದಶಕದಲ್ಲಷ್ಟೇ ವೇಗ ಪಡೆಯಿತು. ಹಕ್ಕುಪತ್ರವಿಲ್ಲದ ಜಾಗದಲ್ಲಿ ಎರಡನೆಯ ಕೋಣೆಗೋ ಶೌಚಾಲಯಕ್ಕೋ ಸಹಾಯಧನ ಸಿಗುವುದು ಕಷ್ಟ.

ಸಂವಿಧಾನದ ನೆಲೆ

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯ ಯಾವುದೇ ರೂಪದ ಆಚರಣೆಯನ್ನು ನಿಷೇಧಿಸಿದೆ. ಮುಟ್ಟಿನ ಮೈಲಿಗೆ ಅದರೊಳಗೆ ಬರುತ್ತದೆಯೇ ಎಂಬುದು 2018ರ ಸೆಪ್ಟೆಂಬರ್ 28ರ ಶಬರಿಮಲೆ ತೀರ್ಪಿನಲ್ಲಿ ನೇರವಾಗಿ ಚರ್ಚೆಗೆ ಬಂತು. ಮುಟ್ಟಿನ ಆಧಾರದ ಮೇಲೆ ಹೆಣ್ಣನ್ನು ಹೊರಗಿಡುವುದೂ ಅಸ್ಪೃಶ್ಯತೆಯ ಒಂದು ರೂಪವೆಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಬರೆದರು. ಪೀಠದಲ್ಲಿದ್ದ ಒಬ್ಬರೇ ಮಹಿಳೆ ಇಂದು ಮಲ್ಹೋತ್ರಾ ತಮ್ಮ ಭಿನ್ನ ತೀರ್ಪಿನಲ್ಲಿ, ಆ ವಿಧಿ ಜಾತಿಯ ಅಸ್ಪೃಶ್ಯತೆಗೆ ಸಂಬಂಧಿಸಿದ್ದೆಂದು ಹೇಳಿದರು. 2019ರ ನವೆಂಬರಿನಲ್ಲಿ ಧರ್ಮಸ್ವಾತಂತ್ರ್ಯದ ದೊಡ್ಡ ಪ್ರಶ್ನೆಗಳನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಲಾಯಿತು.

ಜಾತಿ ಮತ್ತು ಮುಟ್ಟು ಎರಡೂ ಒಂದೇ ಮೈಲಿಗೆಯ ಬೇರಿನಿಂದ ಚಿಗುರಿದವು ಎಂಬುದಕ್ಕೆ ಈ ಸೀಮೆಯಲ್ಲೇ ಸಾಕ್ಷಿ ಇದೆ. 2019ರ ಸೆಪ್ಟೆಂಬರಿನಲ್ಲಿ ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿ ಗೊಲ್ಲರಹಟ್ಟಿಗೆ ಬಂದ ಚಿತ್ರದುರ್ಗದ ಸಂಸದ ಎ. ನಾರಾಯಣಸ್ವಾಮಿಯವರನ್ನು, ಪರಿಶಿಷ್ಟ ಜಾತಿಯವರೆಂಬ ಕಾರಣಕ್ಕೆ, ಹಟ್ಟಿಯೊಳಗೆ ಬಿಡಲಿಲ್ಲ. ಸಂಸದರನ್ನು ತಡೆದ ಗಡಿಯೇ ಹಟ್ಟಿಯ ಸೊಸೆಯನ್ನೂ ತಿಂಗಳಿಗೊಮ್ಮೆ ತಡೆಯುತ್ತದೆ. ಮೊದಲನೆಯದು ದೇಶದ ಸುದ್ದಿಯಾಯಿತು, ಎರಡನೆಯದಕ್ಕೆ ಸುದ್ದಿಯಾಗಲು ಒಂದು ಶಿಶುವಿನ ಸಾವು ಬೇಕಾಯಿತು.

ನೇಪಾಳದ ಅನುಭವ

ಹೊರವಾಸ ಕಾಡುಗೊಲ್ಲರಲ್ಲಿ ಮಾತ್ರ ಇರುವುದಲ್ಲ. ಮಹಾರಾಷ್ಟ್ರದ ಗಡಚಿರೋಲಿಯ ಗೋಂಡ, ಮಾಡಿಯಾ ಹಾಡಿಗಳಲ್ಲಿ ಮುಟ್ಟಿನ ಗುಡಿಸಿಲುಗಳಿವೆ. ಪಶ್ಚಿಮ ನೇಪಾಳದಲ್ಲಿ ಇದನ್ನು ಛೌಪಡಿ ಎನ್ನುತ್ತಾರೆ. ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2005ರಲ್ಲೇ ನಿಷೇಧಿಸಿತು, 2017ರ ಕಾನೂನು ಮೂರು ತಿಂಗಳ ಸೆರೆ ಅಥವಾ 3,000 ರೂಪಾಯಿ ದಂಡ ವಿಧಿಸಿತು. ಆಮೇಲೆ ಆಡಳಿತ ಗುಡಿಸಿಲುಗಳನ್ನು ಕೆಡವಿಸಿದಾಗ ಕೆಲವರು ದನದ ಕೊಟ್ಟಿಗೆಗೆ, ಬಯಲಿಗೆ ಸರಿದರು, ಕೆಲವು ಊರುಗಳಲ್ಲಿ ಗುಡಿಸಿಲು ಮತ್ತೆ ಎದ್ದಿತು. ಮನೆಯವರ ಮನಸ್ಸನ್ನು ತಟ್ಟದೆ ಸೂರನ್ನು ಮಾತ್ರ ಕಿತ್ತರೆ ಹೆಂಗಸು ಇನ್ನಷ್ಟು ದೂರ ಸರಿಯುತ್ತಾಳೆ ಎಂಬುದನ್ನು ಹಟ್ಟಿಗಳಿಗೆ ಜೆಸಿಬಿ ಕಳಿಸುವ ಮುನ್ನ ಅಧಿಕಾರಿಗಳು ನೆನೆಯಬೇಕು.

ಸಮುದಾಯ ಮತ್ತು ಬದಲಾವಣೆ

ಕಾಡುಗೊಲ್ಲರಲ್ಲಿ ನ್ಯಾಯ ತೀರ್ಮಾನಕ್ಕೆ ಕಟ್ಟೆಮನೆಗಳ ವ್ಯವಸ್ಥೆ ಇದೆ. ಯಜಮಾನರು, ಪೂಜಾರಿಗಳು ಕೂತು ಹೇಳಿದ ಮಾತಿಗೆ ಹಟ್ಟಿಯಲ್ಲಿ ಕಾನೂನಿನಷ್ಟೇ ಬೆಲೆ. ಈ ಕಟ್ಟೆಗಳಲ್ಲಿ ಹೆಂಗಸರಿಗೆ ದನಿಯಿಲ್ಲ. ಕಟ್ಟೆಮನೆಯ ಹಿರಿಯರೇ ‘ದೇವರು ಮುನಿಯುವುದಿಲ್ಲ’ ಎಂದು ನುಡಿದರೆ ಆಗುವ ಪರಿಣಾಮ ಪೊಲೀಸರ ಭಾಷಣದಿಂದ ಆಗದು. ಓದಿದ ಸೊಸೆಯಂದಿರು ಮನೆಯಲ್ಲೇ ಉಳಿಯುವುದನ್ನು ಸದ್ದಿಲ್ಲದೆ ಆರಂಭಿಸಿರುವ ಕುಟುಂಬಗಳೂ ಇವೆ.

ರಾಜಕೀಯವಾಗಿ ಸಮುದಾಯದ ಮುಖ್ಯ ಬೇಡಿಕೆ ಪರಿಶಿಷ್ಟ ಪಂಗಡದ ಸ್ಥಾನಮಾನ. 2020ರಲ್ಲಿ ಶಿರಾ ಉಪಚುನಾವಣೆಗೆ ಮುನ್ನ ಕಾಡುಗೊಲ್ಲ ಅಭಿವೃದ್ಧಿ ನಿಗಮವೂ ಘೋಷಣೆಯಾಯಿತು. ಮತಕ್ಕಾಗಿ ಹಟ್ಟಿಗೆ ಬರುವ ನಾಯಕರು ಹೊರವಾಸದ ಮಾತನ್ನು ಎತ್ತುವುದು ಅಪರೂಪ, ಹಿರಿಯರು ನೊಂದುಕೊಂಡಾರೆಂಬ ಅಳುಕು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ಮುಟ್ಟಿನ ಬಗ್ಗೆ ನಾಡಿನಲ್ಲಿ ಬಹಿರಂಗ ಮಾತು ನಡೆಯಿತು. ಸ್ವಾಗತಾರ್ಹವಾದ ಆ ಹೆಜ್ಜೆ ಹಟ್ಟಿಯ ಕೂಲಿ ಹೆಂಗಸಿನವರೆಗೆ ಬರುವುದಿಲ್ಲ.

ಅವಳವರೆಗೆ ಬರುವವರು ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಶಿಕ್ಷಕಿ. ನವಜಾತ ಶಿಶುವಿನ ಗೃಹ ಆಧಾರಿತ ಆರೈಕೆ ಕಾರ್ಯಕ್ರಮದಡಿ, ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಆಶಾ 3, 7, 14, 21, 28 ಮತ್ತು 42ನೇ ದಿನ ಹೀಗೆ ಆರು ಸಲ ಮನೆಯಲ್ಲಿ ಕಂಡು, ತೂಕ ಮತ್ತು ಮೈಬಿಸಿ ನೋಡಿ ಬರೆದುಕೊಳ್ಳಬೇಕು. ಶಿಶುಮರಣದ ಅಪಾಯ ಅತಿ ಹೆಚ್ಚಿರುವ ಮೊದಲ 28 ದಿನಗಳು ಇದರೊಳಗೇ ಬರುತ್ತವೆ. ಭೇಟಿಯ ಪತ್ರದಲ್ಲಿ ತಾಯಿ–ಮಗು ಇರುವ ಜಾಗ ಮನೆಯೋ ಗುಡಿಸಿಲೋ ಎಂಬ ಒಂದು ಕಲಮು ಸೇರಿಸಿ, ಗುಡಿಸಿಲೆಂದು ಬರೆದ ದಿನವೇ ತಾಲ್ಲೂಕು ಆರೋಗ್ಯಾಧಿಕಾರಿಗೂ ಮಕ್ಕಳ ರಕ್ಷಣಾ ಘಟಕಕ್ಕೂ ಸುದ್ದಿ ಮುಟ್ಟುವಂತೆ ಮಾಡಲು ಹೊಸ ಕಾನೂನು ಬೇಕಿಲ್ಲ. ಆಗ ದೂರು ಕೊಡುವ ಭಾರ ಬಾಣಂತಿಯ ಹೆಗಲಿನಿಂದ ಇಳಿಯುತ್ತದೆ. ಆದರೆ ಆಶಾ ಕೂಡ ಅದೇ ಹಟ್ಟಿಯ ಅಥವಾ ಪಕ್ಕದ ಊರಿನ ಹೆಣ್ಣುಮಗಳು, ಗೌರವಧನಕ್ಕೆ ದುಡಿಯುವವಳು. ಬರೆದುಕೊಂಡದ್ದಕ್ಕೆ ಅವಳ ಮೇಲೆ ಹಟ್ಟಿಯವರು ತಿರುಗಿಬಿದ್ದರೆ ಇಲಾಖೆ ಅವಳ ಬೆನ್ನಿಗೆ ನಿಲ್ಲಬೇಕಾಗುತ್ತದೆ.