ಎಲಾಸ್ಟಿಕ್ ಬೂಟಿನ ಬಾಳಿಕೆ



ಕಳೆದ ವಾರ ಅಟ್ಟದ ಮೇಲಿನ ಪೆಟ್ಟಿಗೆಗಳನ್ನು ಇಳಿಸಿ ಧೂಳು ಕೊಡವುತ್ತಿದ್ದಾಗ ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿಟ್ಟಿದ್ದ ಒಂದು ಜೊತೆ ಕಪ್ಪು ಬೂಟು ಕೈಗೆ ಸಿಕ್ಕಿತು. ಅದಕ್ಕೆ ಲೇಸೂ ಇಲ್ಲ, ಬಕಲೂ ಇಲ್ಲ. ಕಣಕಾಲಿನ ಎರಡು ಬದಿಗಳಲ್ಲಿ ಅಗಲವಾದ ಎಲಾಸ್ಟಿಕ್ ಪಟ್ಟಿ ಮಾತ್ರ. ನಾನು ನೌಕರಿಗೆ ಸೇರಿ ಎರಡು ವರ್ಷವಾಗಿದ್ದಾಗ, 1988ರಲ್ಲಿ, ಕೊಂಡದ್ದು. ಮೆಟ್ಟಿಲ ಮೇಲೆ ಅದರ ಸದ್ದು ಕೇಳಿದೊಡನೆ ತರಗತಿ ಸ್ತಬ್ಧವಾಗುತ್ತಿತ್ತೆಂದು ನಿಮ್ಮಲ್ಲಿ ಕೆಲವರು ಇಂದಿಗೂ ನೆನೆಯುವುದುಂಟು.

ಮೂವತ್ತು ವರ್ಷ ದಾಟಿದರೂ ಅದರ ತೊಗಲು ಬಿರುಕು ಬಿಟ್ಟಿರಲಿಲ್ಲ. ಎಲಾಸ್ಟಿಕ್ ಪಟ್ಟಿ ಮಾತ್ರ ಜೀವ ಕಳೆದುಕೊಂಡು, ಹಳೆಯ ಪರದೆಯಂತೆ ಅಲೆಅಲೆಯಾಗಿ ಜೋತುಬಿದ್ದಿತ್ತು. ಒಂದೇ ಬೂಟಿನಲ್ಲಿ ಒಂದು ಭಾಗ ಇಷ್ಟು ಕಾಲ ಬಾಳಿ, ಇನ್ನೊಂದು ಭಾಗ ಮೊದಲೇ ಸಾಯುವುದೇಕೆ? ಈ ಪ್ರಶ್ನೆಯನ್ನು ಹಿಡಿದು ಹೊರಟವನಿಗೆ ಒಂದು ಸಣ್ಣ ಚರಿತ್ರೆಯೇ ತೆರೆದುಕೊಂಡಿತು. ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಕೊನೆಯಲ್ಲಿ ನನ್ನದೇ ಒಂದು ಮಾತನ್ನೂ ಹೇಳಬೇಕಾಗಿದೆ.

ಈ ಬಗೆಯ ಬೂಟಿನ ಹೆಸರಿನೊಡನೆ ಮೊದಲು ಸೇರಿಬರುವವನು ಲಂಡನ್ನಿನ ಜೆ. ಸ್ಪಾರ್ಕ್ಸ್ ಹಾಲ್. ರೀಜೆಂಟ್ ಸ್ಟ್ರೀಟಿನಲ್ಲಿ ಅಂಗಡಿ ಇಟ್ಟಿದ್ದ ಈತ ವಿಕ್ಟೋರಿಯಾ ರಾಣಿಗೆ ಪಾದರಕ್ಷೆ ಮಾಡಿಕೊಡುತ್ತಿದ್ದ. ಗುಂಡಿ, ಲೇಸುಗಳ ಕಾಟವಿಲ್ಲದೆ ಕಾಲಿಗೆ ಸಲೀಸಾಗಿ ಏರಿ, ಏರಿದ ಮೇಲೆ ಬಿಗಿಯಾಗಿ ಕೂರುವ ಬೂಟನ್ನು ಮಾಡಬೇಕೆಂಬುದು ಅವನ ಹಂಬಲ. ರಾಣಿ ಪಟ್ಟಕ್ಕೆ ಬಂದ 1837ರಲ್ಲೇ ಅಂತಹ ಮೊದಲ ಜೊತೆಯನ್ನು ಆಕೆಗೆ ಒಪ್ಪಿಸಿದನೆಂದು ಹೇಳುತ್ತಾರೆ. 1846ರಲ್ಲಿ ಪಾದರಕ್ಷೆಗಳ ಇತಿಹಾಸವನ್ನು ಕುರಿತು ಒಂದು ಪುಸ್ತಕವನ್ನೂ ಬರೆದ. ತನ್ನ ಮೊದಲ ಪ್ರಯತ್ನಗಳು ತಕ್ಕ ಸಾಮಗ್ರಿ ಸಿಗದೆ ವಿಫಲವಾದವೆಂದು ಆತನೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಯೋಚನೆ ಮೊದಲು ಹುಟ್ಟಿತು. ಅದನ್ನು ಹೊರಬಲ್ಲ ವಸ್ತು ಆಮೇಲೆ ಬಂದಿತು.

ಆ ವಸ್ತುವೇ ರಬ್ಬರು. ಲಂಡನ್ನಿನ ಥಾಮಸ್ ಹ್ಯಾನ್‌ಕಾಕ್ 1820ರಷ್ಟು ಹಿಂದೆಯೇ ಕೈಗವಸು, ಪಾದರಕ್ಷೆ ಮುಂತಾದವುಗಳಿಗೆ ರಬ್ಬರಿನ ಪಟ್ಟಿ ಬಳಸುವ ಪೇಟೆಂಟನ್ನು ಪಡೆದಿದ್ದ. ಆದರೆ ಹಸಿ ರಬ್ಬರಿನ ಸ್ವಭಾವವೇ ವಿಚಿತ್ರ. ಚಳಿಗೆ ಕಟ್ಟಿಗೆಯಂತೆ ಸೆಟೆಯುತ್ತದೆ, ಬಿಸಿಲಿಗೆ ಹಲಸಿನ ಮೇಣದಂತೆ ಅಂಟುತ್ತದೆ, ಎಳೆದಲ್ಲೇ ಎಳೆದು ಇಟ್ಟರೆ ಸಡಿಲಗೊಂಡು ಹಿಂದಿನ ಆಕಾರಕ್ಕೆ ಪೂರ್ತಿಯಾಗಿ ಮರಳುವುದಿಲ್ಲ. ಇಂಥದ್ದನ್ನು ನಂಬಿ ಬೂಟು ಹೊಲಿದವನ ಗತಿ ಏನಾದೀತು!

ಈ ತೊಡಕನ್ನು ಬಿಡಿಸಿದವನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. 1839ರಲ್ಲಿ ಗಂಧಕ ಬೆರೆತ ರಬ್ಬರು ಬಿಸಿಗೆ ಸಿಕ್ಕಾಗ ಕರಗದೆ ಗಟ್ಟಿಯಾಗಿ, ಅದೇ ವೇಳೆ ಹಿಗ್ಗುವ ಗುಣವನ್ನೂ ಉಳಿಸಿಕೊಂಡದ್ದನ್ನು ಆತ ಕಂಡ. ಇಂಗ್ಲೆಂಡಿನಲ್ಲಿ ಹ್ಯಾನ್‌ಕಾಕ್ 1843ರಲ್ಲಿ, ಅಮೆರಿಕದಲ್ಲಿ ಗುಡ್‌ಇಯರ್ 1844ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಮಾಡಿಸಿದರು. ರೋಮನ್ನರ ಅಗ್ನಿದೇವತೆ ವಲ್ಕನ್‌ನ ಹೆಸರಿನಿಂದ ಇದಕ್ಕೆ ವಲ್ಕನೀಕರಣ ಎಂಬ ಹೆಸರು ಬಂದಿತು. ಗುಡ್‌ಇಯರ್ ಮಾತ್ರ ಪೇಟೆಂಟ್ ವ್ಯಾಜ್ಯಗಳಲ್ಲಿ ಬಸವಳಿದು 1860ರಲ್ಲಿ ಸಾಲಗಾರನಾಗಿಯೇ ತೀರಿಕೊಂಡ.

ಇಲ್ಲಿ ಮೇಷ್ಟರ ಚಾಳಿಯಂತೆ ಸ್ವಲ್ಪ ವಿಜ್ಞಾನ ಹೇಳಲು ಅಪ್ಪಣೆಯಿರಲಿ. ರಬ್ಬರಿನ ಅಣುಗಳು ಉದ್ದನೆಯ ದಾರಗಳಂತಿರುತ್ತವೆ. ಹಸಿ ರಬ್ಬರನ್ನು ಎಳೆದಾಗ ಅವು ಒಂದರ ಪಕ್ಕ ಒಂದು ಜಾರಿಹೋಗುತ್ತವೆ. ಗಂಧಕವು ದಾರದಿಂದ ದಾರಕ್ಕೆ ಅಲ್ಲಲ್ಲಿ ಸೇತುವೆ ಕಟ್ಟುತ್ತದೆ. ಆಗ ಎಷ್ಟು ಎಳೆದರೂ ಬಿಟ್ಟೊಡನೆ ಅವು ತಮ್ಮ ಸ್ಥಾನಕ್ಕೆ ಮರಳುತ್ತವೆ. ಆದರೆ ಈ ಕಟ್ಟಡವೂ ಶಾಶ್ವತವಲ್ಲ. ಗಾಳಿಯ ಆಮ್ಲಜನಕ, ಬಿಸಿಲು, ಶಾಖ ಇವು ವರ್ಷಗಳುದ್ದಕ್ಕೂ ಅದನ್ನು ಕೆಡಿಸುತ್ತವೆ. ಓಜೋನ್ ಅನಿಲವಂತೂ ಹಿಗ್ಗಿ ನಿಂತ ರಬ್ಬರನ್ನೇ ಹುಡುಕಿಕೊಂಡು ಬಂದು ಸೀಳುತ್ತದೆ. ಎಣ್ಣೆ, ಕೊಬ್ಬು ತಗುಲಿದರೆ ರಬ್ಬರು ಊದಿಕೊಂಡು ಶಕ್ತಿಗುಂದುತ್ತದೆ. ತೊಗಲಿಗಾದರೋ ಮೃದುವಾಗಿರಲು ಕೊಬ್ಬಿನಂಶ ಬೇಕೇ ಬೇಕು. ತೊಗಲಿಗೆ ಅಮೃತವಾದದ್ದು ಪಕ್ಕದ ರಬ್ಬರಿಗೆ ವಿಷ! ಈ ಇಬ್ಬರನ್ನು ಒಂದೇ ಬೂಟಿನಲ್ಲಿ ಬಾಳಿಸುವುದೇ ಈ ಕಸುಬಿನ ನಿಜವಾದ ಕಷ್ಟ.

ಆ ಕಾಲದವರು ಕಂಡುಕೊಂಡ ಉಪಾಯ ನೇಯ್ಗೆ. ರಬ್ಬರನ್ನು ಹಾಳೆಯಾಗಿ ಬಳಸದೆ ಸಣ್ಣ ಎಳೆಗಳಾಗಿ ಮಾಡಿ, ಹತ್ತಿಯ ನೂಲಿನೊಡನೆ ಸೇರಿಸಿ ಪಟ್ಟಿ ನೇಯ್ದರು. ನೂಲು ರಬ್ಬರಿಗೆ ಹೊದಿಕೆಯಾಯಿತು. ಮಿತಿಮೀರಿ ಹಿಗ್ಗದಂತೆ ಕಡಿವಾಣವೂ ಆಯಿತು. ಇಂಗ್ಲೆಂಡಿನ ಲೆಸ್ಟರ್ ನಗರ ಈ ಪಟ್ಟಿಗಳ ನೇಯ್ಗೆಗೆ ಪ್ರಸಿದ್ಧವಾಯಿತು. 1958ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಸ್ಪ್ಯಾಂಡೆಕ್ಸ್ ಎಂಬ ಕೃತಕ ಎಳೆಯನ್ನು ಕಂಡುಹಿಡಿದಮೇಲೆ, ಬೆವರು ಮತ್ತು ಜಿಡ್ಡನ್ನು ರಬ್ಬರಿಗಿಂತ ಚೆನ್ನಾಗಿ ತಡೆಯುವ ಎಲಾಸ್ಟಿಕ್ ಕೂಡ ಲಭ್ಯವಾಯಿತು.

ಇನ್ನು ಅಟ್ಟೆಯ ವಿಚಾರ. ಬೂಟು ಸವೆಯುವುದು ನೆಲಕ್ಕೆ ತಾಗುವಲ್ಲಿ. ಅಟ್ಟೆಯನ್ನು ನೇರವಾಗಿ ಮೇಲಿನ ತೊಗಲಿಗೇ ಹೊಲಿದರೆ, ಅಟ್ಟೆ ಬದಲಿಸುವಾಗಲೆಲ್ಲ ಮೇಲಿನ ತೊಗಲಿಗೆ ಹೊಸ ತೂತುಗಳು ಬೀಳುತ್ತವೆ. ಇದಕ್ಕೆ ಹಳೆಯ ಕುಶಲಕರ್ಮಿಗಳು ಕೈಯಿಂದಲೇ ಒಂದು ದಾರಿ ಮಾಡಿದ್ದರು. ಮೇಲಿನ ತೊಗಲಿಗೆ ಸುತ್ತಲೂ ಚರ್ಮದ ಒಂದು ಕಿರುಪಟ್ಟಿಯನ್ನು ಹೊಲಿದು, ಅಟ್ಟೆಯನ್ನು ಆ ಪಟ್ಟಿಗೆ ಹೊಲಿಯುವುದು. ಸವೆದ ಅಟ್ಟೆಯನ್ನು ಬಿಚ್ಚಿ ಹೊಸದನ್ನು ಕೂರಿಸಿದರೂ ಮೇಲಿನ ತೊಗಲಿಗೆ ನೋವಾಗದು. 1870ರ ದಶಕದ ಹೊತ್ತಿಗೆ ಈ ಹೊಲಿಗೆಯನ್ನು ಯಂತ್ರಕ್ಕೆ ಒಗ್ಗಿಸಿ ಹರಡಿದವನು ಕಿರಿಯ ಚಾರ್ಲ್ಸ್ ಗುಡ್‌ಇಯರ್, ರಬ್ಬರಿನ ಗುಡ್‌ಇಯರನ ಮಗ! ತಂದೆ ಬೂಟಿನ ಬದಿಗೆ ಬಲ ಕೊಟ್ಟರೆ ಮಗ ಅದರ ಅಡಿಗೆ ಬಾಳಿಕೆ ಕೊಟ್ಟ. ಇಂದಿಗೂ ಆ ಹೊಲಿಗೆಗೆ ಗುಡ್‌ಇಯರ್ ವೆಲ್ಟ್ ಎಂದೇ ಹೆಸರು.

ಇಂಗ್ಲೆಂಡಿನಲ್ಲಿ ಈ ಬೂಟು ಕಾಲಕ್ರಮದಲ್ಲಿ ಹಿಂದೆ ಸರಿದು, 1960ರ ದಶಕದಲ್ಲಿ ಬೀಟಲ್ಸ್ ಗಾಯಕರ ಕಾಲಿನಲ್ಲಿ ಮತ್ತೆ ಮೆರೆಯಿತು. ಅದಕ್ಕೂ ಮೊದಲೇ ಅದು ದುಡಿಯುವವರ ಬೂಟಾಗಿ ಬೇರೂರಿದ್ದು ಆಸ್ಟ್ರೇಲಿಯಾದಲ್ಲಿ. 1932ರ ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ರೆಜಿನಾಲ್ಡ್ ಮರ್ರಿ ವಿಲಿಯಮ್ಸ್ ಎಂಬುವರು ಫ್ಲಿಂಡರ್ಸ್ ಬೆಟ್ಟಸಾಲಿನ ಪ್ರದೇಶದಲ್ಲಿ ‘ಡಾಲರ್ ಮಿಕ್’ ಎಂಬ ಅಡ್ಡಹೆಸರಿನ ಅಲೆಮಾರಿ ಕುಶಲಕರ್ಮಿಯಿಂದ ತೊಗಲಿನ ಕೆಲಸ ಕಲಿತರು. ಅಡಿಲೇಡಿನ ತಂದೆಯ ಮನೆಯ ಶೆಡ್ಡಿನಲ್ಲಿ ಅವರು ಆರಂಭಿಸಿದ ಕಸುಬು ದೇಶವೇ ಬಲ್ಲ ಸಂಸ್ಥೆಯಾಯಿತು. ಅವರ ಬೂಟಿನ ಗುಟ್ಟು ಸರಳವಾದದ್ದು. ಮೇಲ್ಭಾಗವೆಲ್ಲ ಒಂದೇ ತುಂಡು ತೊಗಲು. ಹಿಮ್ಮಡಿಯ ಹಿಂದೆ ಮಾತ್ರ ಒಂದು ಜೋಡಣೆ. ಜೋಡಣೆ ಕಡಿಮೆಯಾದಷ್ಟೂ ನೀರು ನುಗ್ಗುವ, ದಾರ ಹರಿಯುವ ಜಾಗಗಳು ಕಡಿಮೆ. ಅಟ್ಟೆ ಸವೆದರೆ ಅಟ್ಟೆಯನ್ನೂ, ಎಲಾಸ್ಟಿಕ್ ಸೋತರೆ ಎಲಾಸ್ಟಿಕ್ಕನ್ನೂ ಬದಲಿಸಿಕೊಡುವ ವ್ಯವಸ್ಥೆಯೂ ಆ ಸಂಸ್ಥೆಯಲ್ಲಿದೆ.

ಮತ್ತೊಂದು ದಾರಿಯೂ ಇದೆ. 1870ರಲ್ಲಿ ಟಾಸ್ಮೇನಿಯಾದ ಹೋಬಾರ್ಟಿನಲ್ಲಿ ಹುಟ್ಟಿದ ಬ್ಲಂಡ್‌ಸ್ಟೋನ್ ಸಂಸ್ಥೆಯ ಬೂಟುಗಳು ಇದೇ ವಂಶದವು. ಅದು 2007ರಲ್ಲಿ ತನ್ನ ಬೂಟುಗಳ ತಯಾರಿಕೆಯನ್ನು ಭಾರತ ಮತ್ತು ಥಾಯ್ಲೆಂಡುಗಳಿಗೆ ವರ್ಗಾಯಿಸುವುದಾಗಿ ಪ್ರಕಟಿಸಿತು. ಇಂದಿನ ಇಂತಹ ಅನೇಕ ಬೂಟುಗಳ ಅಟ್ಟೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನದು. ಅದು ಹಗುರ, ಮೆತ್ತಗೆ, ಬೇಗ ಸವೆಯದು. ಆದರೆ ಹೊಲಿಗೆಯಿಲ್ಲದೆ ನೇರವಾಗಿ ಅಚ್ಚೊತ್ತಿ ಅಂಟಿಸಿದ್ದರಿಂದ ಬದಲಿಸುವುದು ಕಷ್ಟ. ಜೊತೆಗೆ ಗಾಳಿಯ ತೇವವೇ ಆ ಪ್ಲಾಸ್ಟಿಕ್ಕನ್ನು ನಿಧಾನವಾಗಿ ಒಡೆಯುವುದರಿಂದ, ಹಾಕದೆ ಜೋಪಾನವಾಗಿಟ್ಟ ಬೂಟೂ ಕೆಲವು ವರ್ಷಗಳ ಮೇಲೆ ಒಮ್ಮೆಗೇ ಪುಡಿಪುಡಿಯಾಗಬಹುದು.

ಬಾಳಿಕೆ ಎಂದರೆ ಗಟ್ಟಿತನ ಮಾತ್ರವಲ್ಲವೆಂಬುದು ಈ ಚರಿತ್ರೆಯಿಂದ ನಾನು ತಿಳಿದುಕೊಂಡ ಪಾಠ. ಎಲ್ಲ ಭಾಗಗಳೂ ಒಂದೇ ಕಾಲ ಬಾಳುವುದಿಲ್ಲ. ಮೊದಲು ಸಾಯುವ ಭಾಗವನ್ನು ಉಳಿದದ್ದಕ್ಕೆ ಗಾಯವಾಗದಂತೆ ಬಿಚ್ಚಿ ಬದಲಿಸಲು ಬರುವಂತಿದ್ದರೆ ಅದೇ ಬಾಳಿಕೆ.

ಹೀಗೆ ಬರೆಯುವಾಗ ಇದು ನನ್ನ ಪಾಠವಲ್ಲವೆಂಬುದು ನೆನಪಾಗುತ್ತದೆ. ಇದನ್ನು ನನಗೆ ಮೊದಲು ಹೇಳಿದವರು ಶಾಲೆಯ ಗೇಟಿನೆದುರು ಮರದ ಕೆಳಗೆ ಗೋಣಿಚೀಲ ಹಾಸಿ ಕೂರುತ್ತಿದ್ದ ಹಿರಿಯರು. ಕೊಂಡ ಮೂರೇ ವರ್ಷಕ್ಕೆ ಎಲಾಸ್ಟಿಕ್ ಸಡಿಲವಾದಾಗ, ಬೂಟನ್ನೇ ಎಸೆಯಬೇಕೆಂದುಕೊಂಡು ಕೊನೆಯ ಪ್ರಯತ್ನವೆಂದು ಅವರ ಮುಂದಿಟ್ಟೆ. ಅವರು ಬೆರಳಿನಿಂದ ಒತ್ತಿ ನೋಡಿ, “ತೊಗಲು ಗಟ್ಟಿ ಐತೆ ಮೇಷ್ಟ್ರೇ, ಸತ್ತಿರೋದು ಈ ರಬ್ಬರು ಮಾತ್ರ” ಎಂದರು. ಹಳೆಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ, ಹಳೆಯ ತೂತುಗಳಲ್ಲೇ ದಬ್ಬಣ ಹಾಯಿಸಿ, ಮೇಣ ತಿಕ್ಕಿದ ದಾರದಿಂದ ಹೊಸ ಪಟ್ಟಿ ಹೊಲಿದರು. ಹೊಸ ತೂತು ಮಾಡಿದರೆ ತೊಗಲು ಹರಿಯುತ್ತದೆಂದರು. ಹಿಂದಿನ ಕುಣಿಕೆ ಹಿಡಿದು ಬೂಟು ಏರಿಸಬೇಕು, ಎಲಾಸ್ಟಿಕ್ ಹಿಡಿದು ಎಳೆಯಬಾರದು; ಪಾಲಿಶ್ ಪಟ್ಟಿಗೆ ತಾಗಬಾರದು; ನೆನೆದರೆ ಒಳಗೆ ಕಾಗದ ತುರುಕಿ ನೆರಳಲ್ಲಿ ಒಣಗಿಸಬೇಕು; ಒಂದೇ ಜೊತೆಯನ್ನು ದಿನವೂ ಹಾಕಬಾರದು. ಇವೆಲ್ಲ ಅವರು ಹೇಳಿಕೊಟ್ಟವು. ಓಜೋನ್, ಗಂಧಕಗಳ ಹೆಸರು ಹೇಳದೆಯೇ ಅವರು ಹೇಳಿದ್ದೆಲ್ಲ ಶಾಸ್ತ್ರಸಮ್ಮತವಾಗಿಯೇ ಇತ್ತೆಂದು ಇಂದು ಅರಿವಾಗುತ್ತಿದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಅವರನ್ನು ಅಂದು ನಾನು ಏಕವಚನದಲ್ಲಿ ಮಾತನಾಡಿಸುತ್ತಿದ್ದೆ. ಅವರು ನನ್ನನ್ನು ಒಮ್ಮೆಯೂ ಹಾಗೆ ಕರೆಯಲಿಲ್ಲ.

ಅವರ ಮಗ ನನ್ನ ಎಂಟನೆಯ ತರಗತಿಯಲ್ಲಿದ್ದ. ಅದೇ ವರ್ಷ, ಮನೆಗೆಲಸ ಮಾಡದ ಹುಡುಗನೊಬ್ಬನನ್ನು ಗದರುತ್ತ, “ಓದದಿದ್ದರೆ ಗೇಟಿನ ಮುಂದೆ ಚಪ್ಪಲಿ ಹೊಲಿಯುತ್ತ ಕೂರಬೇಕಾದೀತು” ಎಂದುಬಿಟ್ಟೆ. ತರಗತಿ ನಕ್ಕಿತು. ಆ ಮಗ ತಲೆ ತಗ್ಗಿಸಿದ್ದು ನನ್ನ ಕಣ್ಣಿಗೆ ಬಿತ್ತು; ಆದರೂ ಪಾಠ ಮುಂದುವರಿಸಿದೆ. ಹರಳಯ್ಯನವರ ಕಥೆಯನ್ನು ಗದ್ಗದಿತನಾಗಿ ಹೇಳುತ್ತಿದ್ದ ಮೇಷ್ಟರೂ ಇದೇ ನಾನೇ. ಬಸವಣ್ಣನವರಿಗಾಗಿ ಆ ಶರಣ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದರೆಂಬ ಐತಿಹ್ಯವನ್ನು ಹೇಳಿದ ಬಾಯಿಯೇ ಆ ಮಾತನ್ನೂ ಆಡಿತು.

ಅಂದು ಆ ಕೋಣೆಯಲ್ಲಿ ಕುಳಿತಿದ್ದವರಲ್ಲಿ ಕೆಲವರಾದರೂ ಇದನ್ನು ಓದುತ್ತಿರಬಹುದು. ಆ ಮಾತು ತಪ್ಪು. ಅದನ್ನು ಕೇಳಿ ನಕ್ಕದ್ದನ್ನೂ ನಿಮಗೆ ಕಲಿಸಿದವನು ನಾನೇ. ಆ ವಿದ್ಯಾರ್ಥಿ ಹತ್ತನೆಯ ತರಗತಿ ಮುಗಿಸಿ ಹೋದಮೇಲೆ ಎಲ್ಲಿರುವನೋ ತಿಳಿಯದು. ಈ ಬರಹ ಅವನ ಕಣ್ಣಿಗೆ ಬಿದ್ದರೆ ನನ್ನ ಕ್ಷಮಾಪಣೆ ಅವನಿಗೆ ಸಲ್ಲಲಿ.

ಬೂಟನ್ನು ನಿನ್ನೆ ಬಸ್ ನಿಲ್ದಾಣದ ಬಳಿ ಪಾದರಕ್ಷೆ ರಿಪೇರಿ ಮಾಡುವವರ ಹತ್ತಿರ ಒಯ್ದೆ. ಹಳೆಯ ಪಟ್ಟಿಯ ಹೊಲಿಗೆಯನ್ನು ಬಿಚ್ಚುತ್ತ ಅವರು, “ಇದನ್ನು ಹೊಲಿದವರು ಯಾರು ಸಾರ್? ಒಂದು ಎಳೆಯೂ ಬಿಟ್ಟಿಲ್ಲವಲ್ಲ” ಎಂದರು. ನಮ್ಮೂರಿನ ಹಿರಿಯರೊಬ್ಬರು ಎಂದೆ. ಸೋಮವಾರ ಬರಲು ಹೇಳಿದ್ದಾರೆ.